ಲಕ್ಷ್ಮಿಯನ್ನು ಮನೆಮನೆಗೆ ಕಳಿಸಿ ಸಾಲ ಹೊತ್ತ ರವಿವರ್ಮ

ಅಕ್ಕಲಕೋಟದ ಪೇಟೆಯಲ್ಲಿ ಅಪ್ಪ ಹಾಕಿದ ಫೋಟೋ ಫ್ರೇಮಿನ ಅಂಗಡಿಯನ್ನು ಈಗ ನಾನು ನಡೆಸುತ್ತಿದ್ದೇನೆ. ದೀಪಾವಳಿಗೆ ಎರಡು ವಾರ ಇದೆ ಅನ್ನುವಾಗ ನಮ್ಮಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಅಡತಿಯವರು, ಕಿರಾಣಿಯವರು, ಬಟ್ಟೆ ವ್ಯಾಪಾರದವರು, ತೊಗರಿ ಮಾರಿ ಬಂದ ರೈತರು, ಎಲ್ಲರ ಕಂಕುಳಲ್ಲೂ ಒಂದೊಂದು ಲಕ್ಷ್ಮೀ ಪಟ. ಗಾಜು ಒಡೆದಿದೆ, ಪಟ್ಟಿಗೆ ಹುಳ ಬಿದ್ದಿದೆ, ಖಾತೆ ಪೂಜೆಯೊಳಗೆ ಹೊಸದು ಹಾಕಿಕೊಡ್ರಿ ಅನ್ನುತ್ತಾರೆ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಪಟ ಮಾತ್ರ ಹೆಚ್ಚುಕಡಿಮೆ ಒಂದೇ. ಕಮಲದ ಮೇಲೆ ನಿಂತ ಲಕ್ಷ್ಮಿ, ನಾಲ್ಕು ಕೈ, ಬದಿಯಲ್ಲಿ ಸೊಂಡಿಲಿನಿಂದ ಹಾರ ಹಿಡಿದ ಆನೆ.

ಇದನ್ನು ಬರೆದವರು ಯಾರು ಎಂದು ಕೇಳುವ ಗಿರಾಕಿ ವರ್ಷಕ್ಕೊಬ್ಬ ಸಿಕ್ಕರೆ ಹೆಚ್ಚು. ಕೇಳಿದವನಿಗೆ ನಾನು ರಾಜಾ ರವಿವರ್ಮ ಎನ್ನುತ್ತೇನೆ. ಹೌದಾ, ರಾಜರು ಅಂದಮೇಲೆ ಬೇಕಾದಷ್ಟು ದುಡ್ಡು ಮಾಡಿರಬೇಕು ಬಿಡ್ರಿ ಅಂತ ಅವನ ಉತ್ತರ. ಮೊದಮೊದಲು ನಾನೂ ಹಾಗೇ ತಿಳಿದಿದ್ದೆ. ಅವರ ಬದುಕಿನ ಬಗ್ಗೆ ಕನ್ನಡದಲ್ಲೂ ಮರಾಠಿಯಲ್ಲೂ ಸಿಕ್ಕಿದ್ದನ್ನು ಓದುತ್ತಾ ಹೋದಂತೆ ಲೆಕ್ಕ ಬೇರೆಯೇ ಕಂಡಿತು. ಈ ಲಕ್ಷ್ಮಿಯನ್ನು ಅಚ್ಚು ಹಾಕಲು ಮುಂಬಯಿಯಲ್ಲಿ ಅಂಗಡಿ ತೆರೆದ ಮನುಷ್ಯ ಅದರಲ್ಲಿ ಕೈ ಸುಟ್ಟುಕೊಂಡರು. ವ್ಯಾಪಾರಸ್ಥರಿಗೆ ಈ ಕಥೆ ಗೊತ್ತಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ರವಿವರ್ಮ ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಆಳುವ ಮನೆತನದ ಜೊತೆ ಕೊಟ್ಟು ತರುವ ನಂಟಸ್ತನವಿದ್ದ ಜಮೀನುದಾರರ ಮನೆ. ತಾಯಿಗೆ ಹಾಡು ಕಾವ್ಯ ಬರುತ್ತಿತ್ತು, ಸೋದರಮಾವ ರಾಜರಾಜವರ್ಮರಿಗೆ ಚಿತ್ರ ಬರೆಯುವ ಹವ್ಯಾಸ. ಹುಡುಗ ಇದ್ದಿಲು ಹಿಡಿದು ಗೋಡೆ ತುಂಬ ಗೀಚುವುದನ್ನು ಕಂಡು ಮಾವನೇ ಮೊದಲ ಗುರುವಾದರು. ಹದಿನಾಲ್ಕನೆಯ ವಯಸ್ಸಿಗೆ ಅವನನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋಗಿ ಆಯಿಲ್ಯಂ ತಿರುನಾಳ್ ಮಹಾರಾಜರ ಮುಂದೆ ನಿಲ್ಲಿಸಿದರು.

ಅರಮನೆಯಲ್ಲಿ ಎಲ್ಲ ಸಿಕ್ಕಿತು, ಎಣ್ಣೆಬಣ್ಣದ ವಿದ್ಯೆ ಒಂದು ಬಿಟ್ಟು. ಆ ಕಾಲಕ್ಕೆ ಅದು ಯುರೋಪಿನಿಂದ ಬಂದ ಹೊಸ ಪದ್ಧತಿ. ಗೊತ್ತಿದ್ದ ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಹೇಳಿಕೊಡಲು ಒಪ್ಪಲಿಲ್ಲ. ಇದನ್ನು ತಪ್ಪೆಂದು ಹೇಳುವುದು ನನಗೆ ಕಷ್ಟ. ಸೋಲಾಪುರದಲ್ಲಿ ಒಬ್ಬ ಚಾದರ ಮಾಡುವವ ತನ್ನ ಡಿಸೈನು ಪಕ್ಕದವನಿಗೆ ತೋರಿಸುತ್ತಾನೇನು? ಹೊಟ್ಟೆಪಾಡಿನ ಗುಟ್ಟು ಅದು. ಆದರೆ ಅದೇ ನಾಯ್ಕರ್ ಕೈಕೆಳಗಿದ್ದ ಆರುಮುಗಂ ಪಿಳ್ಳೈ ಎಂಬಾತ ಗುಟ್ಟಾಗಿ ಬಂದು ಬಣ್ಣ ಕಲಸುವುದನ್ನು ತೋರಿಸಿಕೊಟ್ಟನಂತೆ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಅರಮನೆಗೆ ಬಂದಾಗ ಅವರೂ ಕಲಿಸಲಿಲ್ಲ, ನಾನು ಬರೆಯುವಾಗ ನಿಂತು ನೋಡಬಹುದು ಎಂದಷ್ಟೇ ಒಪ್ಪಿಕೊಂಡರು. ನೋಡಿ ನೋಡಿಯೇ ಕಲಿತರು. ಶಾಲೆ ಇಲ್ಲ, ಸರ್ಟಿಫಿಕೇಟ್ ಇಲ್ಲ.

1870ರಲ್ಲಿ ಅವರು ಕೊಲ್ಲೂರಿಗೆ ಹೋಗಿ ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಹಿಡಿದು ಕೂತರು. ತಿರುವಾಂಕೂರಿನಿಂದ ಕರಾವಳಿ ಹಿಡಿದು ಕೊಲ್ಲೂರಿಗೆ ಹೋಗುವ ದಾರಿ ಕಾಸರಗೋಡು ಸೀಮೆಯನ್ನು ದಾಟಿಯೇ ಹೋಗುತ್ತದೆ, ಆ ಕಡೆಯ ಓದುಗರು ಇದನ್ನು ನೆನಪಿಡಬಹುದು. ವಾಪಸು ಬರುವಾಗ ಕಲ್ಲಿಕೋಟೆಯಲ್ಲಿ ಒಬ್ಬ ನ್ಯಾಯಾಧೀಶರ ಕುಟುಂಬದ ಚಿತ್ರ ಬರೆದುಕೊಟ್ಟು ಹಣ ತೆಗೆದುಕೊಂಡರು. ಅದು ಅವರ ಮೊದಲ ಸಂಪಾದನೆ. ಈಗ ಇದು ಸಣ್ಣ ಮಾತಾಗಿ ಕಾಣುತ್ತದೆ. ಆದರೆ ಅರಸು ಮನೆತನದ ನಂಟಿರುವವನು, ಹೆಂಡತಿಯೂ ಮಾವೇಲಿಕ್ಕರದ ರಾಜಮನೆತನದವಳು, ಅಂಥವನು ಕುಂಚ ಹಿಡಿದು ಕೂಲಿ ತೆಗೆದುಕೊಳ್ಳುವುದೆಂದರೆ ಆಗಿನ ಮಂದಿ ಮೂಗು ಮುರಿಯುವ ಕೆಲಸ. ಚಿತ್ರ ಬರೆಯುವುದು ಕಸುಬಿನವರ ಪಾಲಿನದು, ದೊಡ್ಡವರ ಮನೆಯಲ್ಲಿ ಬರೆದರೆ ಅದು ಹವ್ಯಾಸ. ರವಿವರ್ಮರು ಆ ಗೆರೆ ದಾಟಿದರು. ನನ್ನ ಮಟ್ಟಿಗೆ ಅವರ ಎಲ್ಲ ಪದಕಗಳಿಗಿಂತ ಇದೇ ದೊಡ್ಡದು.

ಪದಕಗಳಿಗೇನು ಕಡಿಮೆ ಇರಲಿಲ್ಲ. 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಹೆಣ್ಣುಮಗಳ ಚಿತ್ರಕ್ಕೆ ಗವರ್ನರರ ಚಿನ್ನದ ಪದಕ ಬಂತು, ಅದೇ ವರ್ಷ ವಿಯೆನ್ನಾದಲ್ಲೂ ಬಹುಮಾನ. ಮುಂದೆ 1893ರಲ್ಲಿ ಅಮೆರಿಕದ ಚಿಕಾಗೋ ಮೇಳಕ್ಕೆ ಹತ್ತು ಚಿತ್ರ ಹೋದವು, ಅಲ್ಲಿಂದಲೂ ಪದಕ.

1880ರಲ್ಲಿ ತಿರುವಾಂಕೂರಿನಲ್ಲಿ ಆಯಿಲ್ಯಂ ತಿರುನಾಳ್ ತೀರಿಕೊಂಡು ವಿಶಾಖಂ ತಿರುನಾಳ್ ಪಟ್ಟಕ್ಕೆ ಬಂದರು. ಹೊಸ ಮಹಾರಾಜರಿಗೂ ಇವರಿಗೂ ಸರಿಹೋಗಲಿಲ್ಲ. ಅರಮನೆಯ ಅನ್ನ ಅಂದರೆ ಹೀಗೇ, ಒಬ್ಬರ ಮನಸ್ಸಿನ ಮೇಲೆ ನಿಂತಿರುತ್ತದೆ. ರವಿವರ್ಮರು ತಮ್ಮ ಸಿ. ರಾಜರಾಜವರ್ಮನನ್ನು ಜೊತೆಗೆ ಕಟ್ಟಿಕೊಂಡು ಊರು ಬಿಟ್ಟರು. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಅಣ್ಣತಮ್ಮ ಇಬ್ಬರೂ ರೈಲಿನಲ್ಲಿ, ಛತ್ರದಲ್ಲಿ, ಬಾಡಿಗೆ ಮನೆಗಳಲ್ಲಿ ಬದುಕಿದವರು. ತಮ್ಮನೂ ಒಳ್ಳೆಯ ಚಿತ್ರಕಾರ. ಅಣ್ಣ ಮುಖ ಬರೆದರೆ ತಮ್ಮ ಹಿಂದಿನ ಗುಡ್ಡ, ಗಿಡ, ಆಕಾಶ ಬರೆಯುತ್ತಿದ್ದ. ಜೊತೆಗೆ ಪತ್ರ ವ್ಯವಹಾರ, ಗಿರಾಕಿಗಳ ಜೊತೆ ಮಾತುಕತೆ, ಜಮಾಖರ್ಚು ಎಲ್ಲ ಅವನದೇ. ಆತ ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟಿದ್ದರಿಂದಲೇ ಅವರ ಕೊನೆಯ ಹತ್ತು ವರ್ಷದ ಸಂಗತಿ ನಮಗೆ ಇಷ್ಟಾದರೂ ಗೊತ್ತಾಗಿದೆ. ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತ ತಮ್ಮನ ಹೆಸರು ಬೋರ್ಡಿನ ಮೇಲೆ ಬರುವುದಿಲ್ಲ, ನಮ್ಮ ಪೇಟೆಯಲ್ಲೂ ನೋಡುತ್ತೇವಲ್ಲ.

ತಿರುವಾಂಕೂರಿನಲ್ಲಿ ದಿವಾನರಾಗಿದ್ದ ಟಿ. ಮಾಧವರಾಯರು ಆಗ ಬಡೋದೆಯ ದಿವಾನರು. ಅವರು 1881ರಲ್ಲಿ ಕರೆಸಿಕೊಂಡು ಸಯಾಜಿರಾವ್ ಗಾಯಕವಾಡ ಮಹಾರಾಜರ ಪರಿಚಯ ಮಾಡಿಸಿದರು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಕರೆ ಬಂತು. 1888ರಲ್ಲಿ ಉದಕಮಂಡಲದಲ್ಲಿ ಗಾಯಕವಾಡರು ಒಂದು ದೊಡ್ಡ ಕೆಲಸ ಒಪ್ಪಿಸಿದರು. ರಾಮಾಯಣ ಮಹಾಭಾರತದ ಹದಿನಾಲ್ಕು ಚಿತ್ರ, ಐವತ್ತು ಸಾವಿರ ರೂಪಾಯಿ. ಒಂದು ಚಿತ್ರಕ್ಕೆ ಮೂರೂವರೆ ಸಾವಿರದ ಮೇಲೆ ಬಿತ್ತು. ಆ ಕಾಲದ ಮೂರೂವರೆ ಸಾವಿರ ಅಂದರೆ ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಇಲ್ಲಿ ಒಂದು ತೊಡಕು ಬಂತು. ಸೀತೆ ಎಂಥ ಸೀರೆ ಉಟ್ಟಿದ್ದಳು? ದಮಯಂತಿ ಯಾವ ಒಡವೆ ತೊಟ್ಟಿದ್ದಳು? ಕೇರಳದ ಮುಂಡು ಬರೆದರೆ ಗುಜರಾತಿಯವರು ಒಪ್ಪಲಾರರು. ಅಣ್ಣತಮ್ಮ ಉತ್ತರದ ಕಡೆ ಊರೂರು ತಿರುಗಿ ಹಳೆಯ ಶಿಲ್ಪ, ಹಳೆಯ ಚಿತ್ರ, ಜನರ ಉಡುಗೆ ಎಲ್ಲ ನೋಡಿ ಬಂದರು. ಎಲ್ಲರೂ ನಮ್ಮವಳೇ ಅನ್ನುವಂಥ ಒಂದೇ ಉಡುಗೆ ಎಲ್ಲೂ ಸಿಗಲಿಲ್ಲ. ಕೊನೆಗೆ ಸೀರೆಯನ್ನೇ ಹಿಡಿದರು, ಬಹಳ ಕಡೆ ನಮ್ಮ ಮರಾಠಿ ಸೀಮೆಯ ಹೆಣ್ಣುಮಕ್ಕಳು ಉಡುವ ರೀತಿಯಲ್ಲಿ. ಇವತ್ತು ಕಾಸರಗೋಡಿನಿಂದ ಜತ್ತದವರೆಗೆ ದೇವಿಗೆ ಸೀರೆಯಲ್ಲದೆ ಬೇರೆ ಉಡುಗೆ ಇರಬಹುದು ಅಂತ ನಮಗೆ ತೋಚುವುದೇ ಇಲ್ಲ.

1890ರಲ್ಲಿ ಹದಿನಾಲ್ಕೂ ಚಿತ್ರ ಮುಗಿದವು. ಬಡೋದೆಯಲ್ಲೂ ಮುಂಬಯಿಯಲ್ಲೂ ಅವನ್ನು ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದರು. ಅರಮನೆಯ ಬಾಗಿಲು ದಾಟದ ಮಂದಿ, ದೇವಸ್ಥಾನದ ಗರ್ಭಗುಡಿಯ ಹತ್ತಿರ ಸುಳಿಯಲಾಗದ ಮಂದಿ ಬಂದು ಚಿತ್ರದ ಮುಂದೆ ಕೈ ಮುಗಿದು ನಿಂತರು. ಮನೆಗೆ ಒಯ್ಯಲು ಅವರಿಗೂ ಒಂದು ಬೇಕಿತ್ತು. ಮೂಲ ಚಿತ್ರ ಯಾರಿಗೆ ಎಟುಕೀತು? ಇವರ ಚಿತ್ರಗಳನ್ನು ಅಚ್ಚು ಹಾಕಿಸಿದರೆ ನಾಡಿಗೇ ಉಪಕಾರ ಎಂದು ಮಾಧವರಾಯರು ಹಿಂದೆಯೇ ಕಾಗದ ಬರೆದಿದ್ದರು, ಯುರೋಪಿಗೆ ಕಳಿಸಿ ಮಾಡಿಸಿ ಎಂದಿದ್ದರು. ರವಿವರ್ಮರು ಹೊರಗೆ ಕಳಿಸಲಿಲ್ಲ. ಯಂತ್ರವನ್ನೇ ಇಲ್ಲಿಗೆ ತರಿಸಿದರು.

1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಪ್ರೆಸ್ ಶುರುವಾಯಿತು. ಗೋವರ್ಧನದಾಸ ಖಟಾವ ಮಖನಜಿ ಎಂಬ ವ್ಯಾಪಾರಿ ಭಾಗೀದಾರರು. ಯಂತ್ರ ಜರ್ಮನಿಯದು, ಕೆಲಸ ಬಲ್ಲವರೂ ಜರ್ಮನಿಯವರೇ. ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ. ಆಮೇಲೆ ಲಕ್ಷ್ಮಿ, ನವಿಲಿನ ಜೊತೆ ವೀಣೆ ಹಿಡಿದು ಕೂತ ಸರಸ್ವತಿ, ಹೀಗೆ ಒಂದರ ಹಿಂದೊಂದು.

ಅಚ್ಚಿನ ಕೆಲಸ ಹೇಗಿತ್ತು ಅನ್ನುವುದನ್ನು ಸ್ವಲ್ಪ ಹೇಳಬೇಕು, ಖರ್ಚು ಎಲ್ಲಿ ಬೀಳುತ್ತಿತ್ತು ಎಂದು ಆಗ ತಿಳಿಯುತ್ತದೆ. ಇದು ಕಲ್ಲಚ್ಚು. ನುಣುಪಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡು ಇರುವಲ್ಲಿ ನೀರು ನಿಲ್ಲುವುದಿಲ್ಲ, ಬಣ್ಣ ಹಚ್ಚಿದರೆ ಜಿಡ್ಡು ಇರುವಲ್ಲಿ ಮಾತ್ರ ಹಿಡಿಯುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಲಕ್ಷ್ಮಿಯ ಸೀರೆಯ ಕೆಂಪಿಗೆ ಒಂದು, ಮೈಬಣ್ಣಕ್ಕೆ ಒಂದೆರಡು, ನೀರಿನ ನೀಲಿಗೆ ಇನ್ನೊಂದು. ಹೀಗೆ ಹತ್ತಾರು ಕಲ್ಲು ಒಂದೇ ಹಾಳೆಯ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ಕೂಡಬೇಕು. ಒಂದು ಸರಿದರೂ ದೇವಿಯ ತುಟಿ ಕೆನ್ನೆಗೆ ಹೋಗುತ್ತದೆ, ಹಾಳೆ ರದ್ದಿಗೆ. ಕೊನೆಗೆ ವಾರ್ನಿಶ್ ಹಚ್ಚಿ, ಕ್ಯಾನ್ವಾಸಿನ ಹಾಗೆ ಕಾಣಲು ಗೀರು ಒತ್ತುತ್ತಿದ್ದರು. ಅದಕ್ಕೇ ಇದಕ್ಕೆ ಒಲಿಯೋಗ್ರಾಫ್ ಎಂದು ಹೆಸರು. ಕಲ್ಲು ಹೊರದೇಶದಿಂದ ಹಡಗಿನಲ್ಲಿ ಬರಬೇಕು, ಯಂತ್ರ ಹಡಗಿನಲ್ಲಿ, ಬಲ್ಲವರ ಸಂಬಳ ಹೊರದೇಶದ ಮಟ್ಟದ್ದು. ಮಾರುವ ಬೆಲೆ ಮಾತ್ರ ಬಡವನ ಕಿಸೆಗೆ ಹೊಂದಬೇಕು. ನೂರಾರು ಅಲ್ಲ, ಸಾವಿರಾರು ಮಾರಿದರಷ್ಟೇ ಇಂಥ ಧಂದೆ ಉಳಿಯುತ್ತದೆ. ಮಾಲು ಹೋಗುವ ದಾರಿ ಒಂದು ಸೀಜನ್ ಕಟ್ಟಾದರೂ ಬಡ್ಡಿ ನಿಲ್ಲುವುದಿಲ್ಲ.

ದಾರಿ ಕಟ್ಟೇ ಆಯಿತು. 1896ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ, ಧಾನ್ಯದ ಗೋದಾಮುಗಳು ಇರುವ ಕಡೆ, ಪ್ಲೇಗು ಕಾಣಿಸಿಕೊಂಡಿತು. ಇಲಿ ಬಿದ್ದವು, ಮಂದಿ ಬಿದ್ದರು. ಮಾಲಕರು, ಹಮಾಲರು, ಗಿರಣಿ ಕೂಲಿಗಳು ಮನೆಗೆ ಬೀಗ ಜಡಿದು ಹಳ್ಳಿ ಹಿಡಿದರು. ನಮ್ಮ ಸೀಮೆಯಲ್ಲೂ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಊರೇ ಖಾಲಿಯಾದ ಮೇಲೆ ಪಟ ಕೊಳ್ಳುವವರು ಯಾರು? ಯಂತ್ರ ನಡೆಸಲು ಆಳೂ ಇಲ್ಲ.

ಇದರ ಜೊತೆಗೆ ಪೈಪೋಟಿ. ಪುಣೆಯಲ್ಲಿ ಚಿತ್ರಶಾಲಾ ಪ್ರೆಸ್ 1878ರಿಂದಲೇ ದೇವರ ಪಟ ಅಚ್ಚು ಹಾಕುತ್ತಿತ್ತು. ಇವರ ಚಿತ್ರಗಳನ್ನೇ ನಕಲು ಹೊಡೆದು ಅಗ್ಗಕ್ಕೆ ಮಾರುವವರು ಹುಟ್ಟಿಕೊಂಡರು. ಭಾಗೀದಾರಿಕೆಯೂ ಬಹಳ ವರ್ಷ ಉಳಿಯಲಿಲ್ಲ. ಸಾಲದ ಹೊರೆ ಅಣ್ಣತಮ್ಮಂದಿರ ತಲೆಯ ಮೇಲೆ ಬಂತು.

1899ರಲ್ಲಿ ಪ್ರೆಸ್ಸನ್ನು ಮುಂಬಯಿಯಿಂದ ಎಬ್ಬಿಸಿ ಲೋಣಾವಳದ ಹತ್ತಿರ ಮಳವಲಿಗೆ ಒಯ್ದರು. ಕಾರ್ಲಾ ಗುಹೆ, ಏಕವೀರಾ ದೇವಿಗೆ ಹೋಗುವವರು ಇಳಿಯುವ ಸ್ಟೇಷನ್ ಅದೇ. ಒಳ್ಳೆಯ ಗಾಳಿ, ರೈಲಿನ ಅನುಕೂಲ. ಅಷ್ಟಾದರೂ ಗಂಟು ಬಿಚ್ಚಲಿಲ್ಲ. ಹೊಸ ಶತಮಾನ ಶುರುವಾದ ಒಂದೆರಡು ವರ್ಷದಲ್ಲೇ ತಮ್ಮಲ್ಲಿ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಖರನಿಗೆ ಪ್ರೆಸ್ ಮಾರಿಬಿಟ್ಟರು. ಸಿಕ್ಕಿದ್ದು ಇಪ್ಪತ್ತೈದು ಸಾವಿರ. ಯಂತ್ರದ ಜೊತೆ ಎಂಬತ್ತೊಂಬತ್ತು ಚಿತ್ರ ಅಚ್ಚು ಹಾಕುವ ಹಕ್ಕೂ ಹೋಯಿತು. ಬಡೋದೆಯ ಒಂದೇ ಕೆಲಸಕ್ಕೆ ಬಂದಿದ್ದ ಹಣದ ಅರ್ಧ ಅದು.

ಮಾರಿದ್ದು ತಪ್ಪೋ ಸರಿಯೋ? ನಮ್ಮ ಅಂಗಡಿ ಕಟ್ಟೆಯ ಮೇಲೆ ಇದರ ಚರ್ಚೆ ಆಗಿದೆ. ಹಕ್ಕನ್ನು ಇಟ್ಟುಕೊಂಡು ಯಂತ್ರ ಮಾತ್ರ ಮಾರಬೇಕಿತ್ತು ಅಂತ ಬಟ್ಟೆ ವ್ಯಾಪಾರದ ಕಾಕಾ ಒಬ್ಬರು ಹೇಳಿದರು. ಈಗ ಕೂತು ಹೇಳುವುದು ಸುಲಭ. ಬಡ್ಡಿ ಏರುತ್ತಿರುವಾಗ ಬಂದ ಗಿರಾಕಿ ಕೇಳಿದ್ದನ್ನು ಕೊಡದೆ ಬೇರೆ ದಾರಿ ಇರುವುದಿಲ್ಲ, ಸುಗ್ಗಿಯಲ್ಲಿ ಕಡಲೆ ಮಾರಿದ ರೈತನಿಗೆ ಇದು ಗೊತ್ತು. ಇನ್ನೊಂದು ಮಾತು. ಶ್ಲೈಖರನಿಗೆ ಕಲ್ಲೂ ಗೊತ್ತಿತ್ತು, ಮಾರುಕಟ್ಟೆಯೂ ಗೊತ್ತಾಗಿತ್ತು. ದೇವರ ಪಟದ ಜೊತೆಗೆ ಲೇಬಲ್ಲು, ಜಾಹೀರಾತು ಅಂತ ಹೊಟ್ಟೆ ತುಂಬುವ ಕೆಲಸವನ್ನೂ ಹಿಡಿದ. ಅವನ ಕೈಯಲ್ಲಿ ಪ್ರೆಸ್ ಬೆಳೆಯಿತು. ರವಿವರ್ಮರದು ಕುಂಚ ಹಿಡಿಯುವ ಕೈ, ತಿಂಗಳುಗಟ್ಟಲೆ ಯಾವುದೋ ಸಂಸ್ಥಾನದಲ್ಲಿ ಚಿತ್ರ ಬರೆಯುತ್ತಾ ಕೂತವರಿಗೆ ಮುಂಬಯಿಯ ಗಲ್ಲೆ ನೋಡಿಕೊಳ್ಳಲು ಆಗುವುದಿಲ್ಲ. ಮಾಲಕ ಇಲ್ಲದ ಅಂಗಡಿ ಯಾರದ್ದು ಉಳಿದಿದೆ?

ಅದೇ ಪ್ರೆಸ್ ಎಷ್ಟೋ ಮಂದಿಗೆ ಅನ್ನ ಹಾಕಿತು. ಮುಂಬಯಿಯ ಹೆಸರಾಂತ ಚಿತ್ರಕಾರ ಎಂ. ವಿ. ಧುರಂಧರರು ಅದಕ್ಕೆ ಚಿತ್ರ ಬರೆದುಕೊಟ್ಟಿದ್ದಾರೆ. ದಾದಾಸಾಹೇಬ ಫಾಳ್ಕೆ ಅಲ್ಲಿ ಅಚ್ಚಿನ ಕೆಲಸ ಮಾಡಿ, ಆಮೇಲೆ 1913ರಲ್ಲಿ ರಾಜಾ ಹರಿಶ್ಚಂದ್ರ ಸಿನಿಮಾ ತೆಗೆದರು. ಆ ಸಿನಿಮಾದ ರಾಜರಾಣಿಯರು ನಿಂತ ಭಂಗಿ ನೋಡಿದರೆ ಪಟದೊಳಗಿಂದ ಎದ್ದು ಬಂದಂತೆ ಕಾಣುತ್ತದೆ.

ಪ್ರೆಸ್ ಕೈಬಿಟ್ಟ ಮೇಲೆ ರವಿವರ್ಮರು ಮತ್ತೆ ಹಳೆಯ ದಾರಿಗೇ ಬಂದರು, ಕರೆದವರ ಊರಿಗೆ ಹೋಗಿ ಬರೆದು ಕೊಡುವುದು. 1901ರಲ್ಲಿ ಉದಯಪುರಕ್ಕೆ ಹೋಗಿ ಮಹಾರಾಣಾ ಪ್ರತಾಪರ ಚಿತ್ರ ಬರೆದರು. 1904ರಲ್ಲಿ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಆಗಲೇ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣದ ಒಂಬತ್ತು ಚಿತ್ರದ ಕೆಲಸ ಒಪ್ಪಿಸಿದ್ದರು. ಆ ಕೆಲಸ ನಡೆದಿರುವಾಗಲೇ, 1905ರಲ್ಲಿ, ತಮ್ಮ ರಾಜರಾಜವರ್ಮ ತೀರಿಕೊಂಡರು. ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಕುಂಚ, ಲೆಕ್ಕ, ಪ್ರಯಾಣ ಎಲ್ಲದರಲ್ಲೂ ಹೆಗಲು ಕೊಟ್ಟವರು ಹೋದ ಮೇಲೆ ಇವರೂ ಬಹಳ ದಿನ ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಮೈ ತಿಂದಿತ್ತು. ಮೈಸೂರಿನ ಚಿತ್ರಗಳನ್ನು ಮುಗಿಸಿ ಊರಿಗೆ ಹೋದರು. 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ಕಣ್ಣು ಮುಚ್ಚಿದರು. ಐವತ್ತೆಂಟು ವರ್ಷ.

ಅವರು ಹೋದ ಮೇಲೆ ಕಲಕತ್ತೆಯ ಕಡೆಯ ವಿದ್ವಾಂಸರು, ಇದು ಯುರೋಪಿನ ಅನುಕರಣೆ, ನಾಟಕದ ಪಾತ್ರಗಳಿದ್ದ ಹಾಗೆ ಎಂದು ತೆಗಳಿದರು. ಅದರಲ್ಲಿ ನಿಜವೂ ಇರಬಹುದು. ಪಟ ಕೊಂಡವರು ಮಾತ್ರ ಆ ತೆಗಳಿಕೆ ಓದಲಿಲ್ಲ. 1979ರಲ್ಲಿ ಭಾರತ ಸರಕಾರ ಅವರ ಚಿತ್ರಗಳನ್ನು ರಾಷ್ಟ್ರದ ಕಲಾಸಂಪತ್ತು ಎಂದು ಸಾರಿ ಹೊರದೇಶಕ್ಕೆ ಒಯ್ಯದಂತೆ ಕಟ್ಟು ಮಾಡಿತು. ಮೂಲ ಚಿತ್ರ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬಹುದು. ಮಳವಲಿಯ ಪ್ರೆಸ್ ಮಾತ್ರ 1972ರಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು.

ನಾನು ಗಾಜು, ಪಟ್ಟಿ ಖರೀದಿಗೆ ಮುಂಬಯಿಗೆ ಹೋಗುವುದು ಸೋಲಾಪುರದ ರಾತ್ರಿ ಗಾಡಿಯಲ್ಲಿ. ಪುಣೆ ದಾಟಿ ಲೋಣಾವಳ ಬರುವ ಮೊದಲು ಮಳವಲಿ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎಚ್ಚರ ಇದ್ದರೆ ಕಿಟಕಿಯಿಂದ ನೋಡುತ್ತೇನೆ. ಕತ್ತಲೆಯಲ್ಲಿ ಸ್ಟೇಷನ್ನಿನ ದೀಪ ಬಿಟ್ಟು ಏನೂ ಕಾಣುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಹಳೆಯ ಪಟಗಳ ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ರವಿವರ್ಮ ಪ್ರೆಸ್ ಎಂದು ಅಚ್ಚಾಗಿರುತ್ತದೆ. ಅಪ್ಪನ ಕಾಲದಿಂದಲೂ ನಾವು ಆ ಬಿಳಿ ಅಂಚನ್ನು ಬ್ಲೇಡಿನಿಂದ ಕತ್ತರಿಸಿ ಒಗೆದೇ ಫ್ರೇಮ್ ಹಾಕಿದವರು. ಅಂಚು ತೆಗೆದರೆ ಪಟ ಅಂದವಾಗಿ ಕೂಡುತ್ತದೆ, ಪಟ್ಟಿಯೂ ಉಳಿಯುತ್ತದೆ. ಎಷ್ಟು ನೂರು ಹೆಸರು ಹಾಗೆ ಕಸದ ಬುಟ್ಟಿಗೆ ಹೋದವೋ ಲೆಕ್ಕ ಇಟ್ಟಿಲ್ಲ. ಹೋದ ದೀಪಾವಳಿಗೆ ದುಧನಿಯ ಕಡೆಯ ಒಬ್ಬ ಅಡತಿಯವರು ಅಜ್ಜನ ಕಾಲದ ಸರಸ್ವತಿ ತಂದರು. ವಾರ್ನಿಶ್ ಹಳದಿಯಾಗಿತ್ತು, ಅಂಚು ಗಟ್ಟಿಯಾಗಿತ್ತು. ಇದನ್ನು ಕತ್ತರಿಸುವುದಿಲ್ಲ, ಫ್ರೇಮ್ ಅರ್ಧ ಇಂಚು ದೊಡ್ಡದಾಗುತ್ತದೆ, ಸ್ವಲ್ಪ ರೊಕ್ಕ ಹೆಚ್ಚು ಬೀಳುತ್ತದೆ ಅಂದೆ. ಯಾಕ್ರೀ ಅಂತ ಕೇಳಿದರು. ಕೂತುಕೊಳ್ರಿ ಅಂತ ಹೇಳಿ ಚಹಾ ತರಿಸಿದೆ.